ಮಲೆನಾಡಿನಲ್ಲಿ ತುಡುವೆ ಜೇನು ಸಾಕಣೆ: ಜಾಗದ ಆಯ್ಕೆಯಿಂದ ತುಪ್ಪ ತೆಗೆಯುವವರೆಗೆ

ಜೇನು ಪೆಟ್ಟಿಗೆ ಇಡಬೇಕೆಂದು ಹೊರಟವರು ಜನವರಿಯಲ್ಲಿ ಜಾಗ ನೋಡಿದರೆ ಮೋಸ ಹೋಗುತ್ತಾರೆ. ಆಗ ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿಯ ಕಡೆಯ ಯಾವ ತೋಟದ ಅಂಚಿನಲ್ಲಿ ನಿಂತರೂ ಬಿಸಿಲು ಹಿತವಾಗಿರುತ್ತದೆ, ನೆಲ ಒಣಗಿರುತ್ತದೆ, ಹೂವಿಗೂ ಬರವಿರುವುದಿಲ್ಲ. ಅದೇ ಜಾಗಕ್ಕೆ ಜುಲೈ ತಿಂಗಳಲ್ಲಿ ಕೊಡೆ ಹಿಡಿದು ಹೋಗಿ ನೋಡಬೇಕು: ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ದಿಕ್ಕಿನಿಂದ ಮಳೆಯನ್ನು ಬಡಿಯುತ್ತದೆ, ಹೊಳವಾದ ಅರ್ಧ ಗಂಟೆಯಲ್ಲಿ ಅಲ್ಲಿಗೆ ಒಂದಿಷ್ಟಾದರೂ ಬಿಸಿಲು ಬೀಳುತ್ತದೆಯೇ ಎಂಬುದು ಆಗಷ್ಟೇ ತಿಳಿಯುತ್ತದೆ. ಮಲೆನಾಡಿನಲ್ಲಿ ಜೇನು ಕುಟುಂಬಗಳು ಸಾಯುವುದೂ ಪರಾರಿಯಾಗುವುದೂ ಹೆಚ್ಚಾಗಿ ಮಳೆಗಾಲದಲ್ಲಿ. ಆದ್ದರಿಂದ ಈ ಬರಹದ ಬಹುಪಾಲು ಮಾತು ತುಪ್ಪದ ಕಾಲದ ಬಗ್ಗೆ ಅಲ್ಲ, ಅದರ ಹಿಂದಿನ ಏಳೆಂಟು ತಿಂಗಳ ಬಗ್ಗೆ.

ಮೊದಲಿಗೆ ಯಾವ ಜೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಹೆಜ್ಜೇನು ಮತ್ತು ಕೋಲುಜೇನು ಬಯಲಿನಲ್ಲಿ ಒಂದೇ ಎರಿ (ಮೇಣದ ತಟ್ಟೆ) ಕಟ್ಟುವಂಥವು; ಅವು ಪೆಟ್ಟಿಗೆಗೆ ಒಗ್ಗುವುದಿಲ್ಲ. ಮುಜಂಟಿ ಅಥವಾ ಮಿಸರಿ ಎಂದು ಕರೆಯುವ ಚುಚ್ಚದ ಜೇನನ್ನು ಸಾಕಬಹುದು, ಆದರೆ ಅದರ ಕ್ರಮವೇ ಬೇರೆ. ಯುರೋಪಿನ ಮೆಲ್ಲಿಫೆರಾ ಹೆಚ್ಚು ತುಪ್ಪ ಕೊಡುತ್ತದೆ ನಿಜ, ಆದರೆ ಸೂರ್ಯಕಾಂತಿ, ಸಾಸಿವೆಯಂಥ ದೊಡ್ಡ ಹೂವಿನ ಬಯಲುಗಳಿಗೆ ಪೆಟ್ಟಿಗೆಗಳನ್ನು ಲಾರಿಯಲ್ಲಿ ಸಾಗಿಸುತ್ತಾ ತಿರುಗಬಲ್ಲವರಿಗೆ ಅದು ಹೇಳಿಸಿದ್ದು. ಹುತ್ತದಲ್ಲಿ, ಮರದ ಪೊಟರೆಯಲ್ಲಿ ಕತ್ತಲೆಯನ್ನು ಹುಡುಕಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ನಮ್ಮ ತುಡುವೆ ಜೇನೇ ತೋಟದ ಮನೆಗೆ ಸರಿಯಾದದ್ದು. ಅದರಿಂದ ವರ್ಷಕ್ಕೆ ಒಂದು ಪೆಟ್ಟಿಗೆಗೆ ಐದರಿಂದ ಎಂಟು ಕಿಲೋ ತುಪ್ಪ ಸಿಕ್ಕರೆ ಸಮಾಧಾನಪಡಬೇಕು.

ಜಾಗವನ್ನು ಅಳೆಯುವ ರೀತಿ

ತುಡುವೆಯ ದಿನನಿತ್ಯದ ಓಡಾಟ ಹೆಚ್ಚಾಗಿ ಒಂದು ಕಿಲೋಮೀಟರಿನೊಳಗೇ ಮುಗಿಯುತ್ತದೆ. ಪೆಟ್ಟಿಗೆಯನ್ನು ನಡುವಿಟ್ಟು ಒಂದು ಕಿಲೋಮೀಟರಿನ ವೃತ್ತ ಎಳೆದರೆ ಅದರೊಳಗೆ ಸುಮಾರು 775 ಎಕರೆ ಬರುತ್ತದೆ. ಎರಡು ಎಕರೆ ತೋಟದವನು ತನ್ನ ಅಡಿಕೆ, ಬಾಳೆ, ಕಾಳುಮೆಣಸನ್ನು ಮಾತ್ರ ಲೆಕ್ಕ ಹಾಕಿ ಜೇನಿಗೆ ಮೇವಿದೆಯೆಂದೋ ಇಲ್ಲವೆಂದೋ ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ನೆರೆಯವರ ಬ್ಯಾಣ (ಹುಲ್ಲುಗಾವಲು), ಸೊಪ್ಪಿನ ಬೆಟ್ಟ, ಹಳ್ಳದ ದಂಡೆ, ಆಚೆಯ ಕಾಡು ಎಲ್ಲವನ್ನೂ. ಒಂದು ನೋಟ್‌ಬುಕ್ಕಿನಲ್ಲಿ ಹನ್ನೆರಡು ತಿಂಗಳ ಹೆಸರು ಬರೆದು, ಈ ವೃತ್ತದೊಳಗೆ ಯಾವ ಗಿಡ ಯಾವಾಗ ಹೂ ಬಿಡುತ್ತದೆ, ಅದರಲ್ಲಿ ಮಕರಂದವಿದೆಯೇ, ಬರೀ ಪರಾಗವೇ ಎಂದು ಒಂದು ವರ್ಷ ಗುರುತು ಹಾಕಿಕೊಳ್ಳಿ.

ತೆಂಗು ವರ್ಷವಿಡೀ ಪರಾಗ ಕೊಡುವ ಆಧಾರ. ಅಡಿಕೆಯ ಹಿಂಗಾರವೂ ಹೆಚ್ಚಾಗಿ ಪರಾಗಕ್ಕೇ. ಮಳೆಗಾಲದ ನಡುವೆ, ಬೇರೇನೂ ಇಲ್ಲದಾಗ, ನಾವು ಕಳೆಯೆಂದು ಕಿತ್ತು ಬಿಸಾಡುವ ಮುಟ್ಟಿದರೆ ಮುನಿ ಜೇನಿಗೆ ಪರಾಗ ಒದಗಿಸುತ್ತದೆ. ಪೆಟ್ಟಿಗೆಯ ಸುತ್ತಲಿನ ಬ್ಯಾಣದಲ್ಲಿ ಅದನ್ನು ಸವರುವ ಮುನ್ನ ಎರಡು ಸಲ ಯೋಚಿಸಿ. ರಬ್ಬರ್ ಇರುವ ಊರುಗಳಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಹೊಸ ಚಿಗುರು ಬಂದಾಗ ಹೂವಿನಿಂದಲ್ಲ, ಎಲೆಯ ತೊಟ್ಟಿನ ಬಳಿಯ ಗ್ರಂಥಿಗಳಿಂದ ಮಕರಂದ ಒಸರುತ್ತದೆ. ಕಾಫಿ ಸೀಮೆಯಲ್ಲಿ ಮೊದಲ ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಹೂ ಅರಳಿ ನಾಲ್ಕೇ ದಿನದಲ್ಲಿ ಮುಗಿದುಹೋಗುತ್ತದೆ. ಆಗ ಕುಟುಂಬ ಬಲವಾಗಿದ್ದರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಇವಕ್ಕೆಲ್ಲ ಬೆನ್ನೆಲುಬಾಗಿ ನಿಲ್ಲುವುದು ನೇರಳೆ, ಹೊಂಗೆ, ಮತ್ತಿ, ಮಾವು, ಗೇರುಗಳಂಥ ಮರಗಳು. ಬೇಲಿಯ ಮೇಲೆ ಒಂದು ಆಂಟಿಗೋನನ್ ಬಳ್ಳಿ ಹಬ್ಬಿಸಿದರೆ ಅದು ತಿಂಗಳುಗಟ್ಟಲೆ ಹೂ ಬಿಡುತ್ತದೆ. ಇಡೀ ಕುಟುಂಬವನ್ನು ಅದು ಸಾಕಲಾರದು, ಆದರೆ ಬರಗಾಲದ ಬಾಯಿಗೊಂದು ತುತ್ತಾಗುತ್ತದೆ.

ಇನ್ನು ಪೆಟ್ಟಿಗೆ ಕೂರಿಸುವ ನೆಲದ ವಿಚಾರ. ನಾನು ಮೊದಲ ವರ್ಷ ಮೂರು ಪೆಟ್ಟಿಗೆಗಳನ್ನು ಅಡಿಕೆ ಮರಗಳ ಸಾಲಿನ ನಡುವೆ, ತೋಟದ ತಳದಲ್ಲಿ, ಹಳ್ಳಕ್ಕೆ ಹತ್ತಿರ ಇಟ್ಟೆ. ನೀರು ಪಕ್ಕದಲ್ಲೇ ಇದೆ, ನೆರಳು ತಂಪಾಗಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಅಡಿಕೆ ತೋಟಗಳು ಕಣಿವೆಯ ತಳದಲ್ಲಿರುವುದರಿಂದ ರಾತ್ರಿಯ ತಂಪು ಗಾಳಿಯೆಲ್ಲ ಇಳಿದು ಅಲ್ಲೇ ನಿಲ್ಲುತ್ತದೆ ಎಂಬುದು ಗಮನಕ್ಕೆ ಬರಲಿಲ್ಲ. ಆಗಸ್ಟ್ ಹೊತ್ತಿಗೆ ಒಳಮುಚ್ಚಳದ ಕೆಳಗೆ ನೀರಿನ ಹನಿಗಳು ಸಾಲುಗಟ್ಟಿದ್ದವು, ಅಂಚಿನ ಎರಿಗಳಿಗೆ ಬೂಷ್ಟು ಹಿಡಿದಿತ್ತು. ಎರಡು ಕುಟುಂಬಗಳು ಪರಾರಿಯಾದವು, ಮೂರನೆಯದು ಮುಷ್ಟಿಯಷ್ಟು ಉಳಿಯಿತು. ಮರಿಗಳಿರುವ ಎರಿಯನ್ನು ಜೇನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಪಾಡಬೇಕು. ತೇವ ಮತ್ತು ತಂಪಿನ ಜಾಗದಲ್ಲಿ ಆ ಶಾಖ ಹುಟ್ಟಿಸಲು ಅದು ತಿನ್ನುವ ತುಪ್ಪವೇ ಸೌದೆ. ಸೌದೆ ಮುಗಿದರೆ ಮನೆ ಬಿಟ್ಟು ಹೋಗದೆ ಅದಕ್ಕೆ ಬೇರೆ ದಾರಿಯಿಲ್ಲ.

ಸರಿಯಾದ ಜಾಗವೆಂದರೆ ತೋಟ ಮುಗಿದು ಬೆಟ್ಟ ಆರಂಭವಾಗುವ ಮೇಲಂಚು. ಪೆಟ್ಟಿಗೆಯ ಬಾಗಿಲು ಪೂರ್ವಕ್ಕೆ ಅಥವಾ ಆಗ್ನೇಯಕ್ಕೆ ಇರಲಿ, ಬೆಳಗಿನ ಎಳೆಬಿಸಿಲು ಬಾಗಿಲಿಗೆ ಬಿದ್ದು ಮಧ್ಯಾಹ್ನದ ಹೊತ್ತಿಗೆ ಮರದ ನೆರಳು ಬರುವಂತಿರಲಿ. ನೈಋತ್ಯದ ಮಳೆ-ಗಾಳಿಗೆ ಬೆನ್ನು ಕೊಡಲು ಒಂದು ಧರೆ, ಗೋಡೆ ಅಥವಾ ದಟ್ಟ ಬೇಲಿ ಇದ್ದರೆ ಅರ್ಧ ಚಿಂತೆ ಕಳೆದಂತೆ. ಜನ ಮತ್ತು ದನ ಓಡಾಡುವ ದಾರಿಗೆ ಬಾಗಿಲು ಎದುರಾಗಬಾರದು; ಹಾರುವ ದಾರಿಗೆ ಅಡ್ಡ ನಿಂತವರನ್ನೇ ಜೇನು ಮೊದಲು ಕುಟುಕುವುದು. ಕೊಟ್ಟಿಗೆಯ ಹೊಗೆ, ಗೊಬ್ಬರಗುಂಡಿ, ರಾತ್ರಿಯೆಲ್ಲ ಉರಿಯುವ ವಿದ್ಯುತ್ ದೀಪ ಇವುಗಳಿಂದ ದೂರವಿರಲಿ. ಹಳ್ಳ ದೂರವಿದ್ದರೆ ಅಗಲವಾದ ಪಾತ್ರೆಯಲ್ಲಿ ಬೆಣಚುಕಲ್ಲು ತುಂಬಿ ನೀರು ಹನಿಸಿಡಿ. ಕಲ್ಲಿಲ್ಲದ ನೀರಿನಲ್ಲಿ ಜೇನು ಮುಳುಗುತ್ತದೆ.

ಕೀಟನಾಶಕದ ವಿಚಾರವನ್ನು ಜಾಗ ನಿರ್ಧರಿಸುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಗೇರು ತೋಟದಲ್ಲಿ ಟೀ ಸೊಳ್ಳೆ ಎಂಬ ಕೀಟಕ್ಕೆ ಹೊಡೆಯುವ ಔಷಧದ ಒಂದು ಸುತ್ತು ಹೂ ಬಿಡುವ ಹೊತ್ತಿಗೇ ಬರುತ್ತದೆ, ಜೇನು ಅಲ್ಲಿಗೆ ಹೋಗುವುದೂ ಆಗಲೇ. ನೆರೆಯವರಿಗೆ ಔಷಧ ಹೊಡೆಯಬೇಡಿ ಎನ್ನಲು ನಮಗೆ ಅಧಿಕಾರವಿಲ್ಲ; ಹಿಂದಿನ ದಿನ ಒಂದು ಫೋನ್ ಮಾಡಿ, ಸಾಧ್ಯವಾದರೆ ಸಂಜೆ ಹೊಡೆಯಿರಿ ಎಂದು ಕೇಳಿಕೊಳ್ಳಬಹುದು. ಹಿಂದಿನ ಸೀಸನ್ನಿನ ತುಪ್ಪದ ಒಂದು ಬಾಟಲಿ ಮೊದಲೇ ಆ ಮನೆಗೆ ತಲುಪಿದ್ದರೆ ಫೋನ್ ಬಂದೇ ಬರುತ್ತದೆ. ತಿಳಿದ ದಿನ ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಹಾಕಿ, ಗಾಳಿಯಾಡುವಂತೆ ಮಾಡಿ, ಮರುದಿನ ಒಂದು ಹಗಲು ಒಳಗೇ ಉಳಿಸಿಕೊಳ್ಳಿ.

ಒಂದೇ ಜಾಗದಲ್ಲಿ ಆರಂಭಕ್ಕೆ ಎರಡು ಪೆಟ್ಟಿಗೆ ಸಾಕು. ಒಂದೇ ಇದ್ದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ, ಐದಾದರೆ ಕಲಿಯುವ ಮೊದಲೇ ಕೈಮೀರುತ್ತದೆ. ಪೆಟ್ಟಿಗೆಗಳ ನಡುವೆ ಎರಡು-ಮೂರು ಮೀಟರ್ ಅಂತರವಿರಲಿ, ಬಾಗಿಲುಗಳು ಒಂದಕ್ಕೊಂದು ಎದುರಾಗದಿರಲಿ.

ಪೆಟ್ಟಿಗೆ ಮತ್ತು ಕುಟುಂಬ

ಚೌಕಟ್ಟುಗಳನ್ನು ಎತ್ತಿ ನೋಡಬಹುದಾದ ಪೆಟ್ಟಿಗೆ ಸಾಧ್ಯವಾದದ್ದು, ಎರಿಗಳ ನಡುವೆ ಜೇನು ಒಂದು ನಿಶ್ಚಿತ ಓಣಿಯನ್ನು ಬಿಟ್ಟುಕೊಳ್ಳುತ್ತದೆ ಎಂಬುದನ್ನು 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಗುರುತಿಸಿದ ಮೇಲೆ. ತುಡುವೆಗೆ ಈ ಓಣಿ 7ರಿಂದ 9 ಮಿಲಿಮೀಟರ್. ಇದಕ್ಕಿಂತ ಅಗಲವಾದರೆ ನಡುವೆ ಅಡ್ಡ ಎರಿ ಕಟ್ಟುತ್ತದೆ, ಕಿರಿದಾದರೆ ಅಂಟಿಸಿಬಿಡುತ್ತದೆ. ಊರ ಬಡಗಿಯಿಂದ ಮಾಡಿಸುವವರು ಅಳತೆಯ ಒಂದು ಪೆಟ್ಟಿಗೆಯನ್ನೇ ಮಾದರಿಯಾಗಿ ಕೊಡಿ, ಬಾಯಿಮಾತಿನಲ್ಲಿ ಹೇಳಬೇಡಿ. ಅಡಿಮಣೆ, ಮರಿ ಬೆಳೆಯುವ ಸಂಸಾರ ಕೋಣೆ, ಅದರ ಮೇಲೆ ತುಪ್ಪ ತುಂಬುವ ಜೇನು ಕೋಣೆ, ಒಳಮುಚ್ಚಳ, ಮೇಲ್ಮುಚ್ಚಳ ಇಷ್ಟೂ ಒಂದರ ಮೇಲೊಂದು ಸಂದಿಲ್ಲದೆ ಕೂರಬೇಕು. ಎಲ್ಲ ಪೆಟ್ಟಿಗೆಗಳೂ ಒಂದೇ ಅಳತೆಯಲ್ಲಿರುವುದು ಮುಖ್ಯ. ಒಂದರ ಚೌಕಟ್ಟು ಇನ್ನೊಂದಕ್ಕೆ ಕೂರದಿದ್ದರೆ ಮುಂದೆ ಹೇಳಲಿರುವ ಯಾವ ಕೆಲಸವೂ ನಡೆಯುವುದಿಲ್ಲ.

ಸ್ಟ್ಯಾಂಡ್ ಸುಮಾರು ಎರಡು ಅಡಿ ಎತ್ತರವಿದ್ದು, ಕಾಲಿನ ಬುಡದಲ್ಲಿ ಇರುವೆ ಹತ್ತದಂತೆ ನೀರಿನ ಬಟ್ಟಲಿರಬೇಕು. ಮಳೆಗಾಲದಲ್ಲಿ ಆ ಬಟ್ಟಲಿಗೆ ಹುಲ್ಲಿನ ಎಸಳೊಂದು ಬಾಗಿ ಸೇತುವೆಯಾಗುತ್ತದೆ, ಅದೇ ದಾರಿಯಲ್ಲಿ ಇರುವೆಯ ದಂಡು ಹತ್ತುತ್ತದೆ. ವಾರಕ್ಕೊಮ್ಮೆ ಸುತ್ತಲ ಹುಲ್ಲು ಸವರುವ ಕೆಲಸ ಸಣ್ಣದೆಂದು ಬಿಡಬೇಡಿ.

ಕುಟುಂಬವನ್ನು ನಂಬಿಕಸ್ಥ ಸಾಕಣೆದಾರರಿಂದ ಕೊಳ್ಳುವುದು ಹೊಸಬರಿಗೆ ಒಳ್ಳೆಯದು. ತೋಟಗಾರಿಕೆ ಇಲಾಖೆಯ ಮೂಲಕವೂ ತರಬೇತಿ ಮತ್ತು ಸಹಾಯಧನ ದೊರೆಯುತ್ತದೆ. ಕೊಳ್ಳುವಾಗ ಎರಿಯ ಮೇಲೆ ಜೇನು ಎಷ್ಟಿದೆ ಎಂಬುದಕ್ಕಿಂತ ಕಣಗಳ ತಳದಲ್ಲಿ ಮೊಟ್ಟೆ ಇದೆಯೇ ಎಂದು ನೋಡಿ. ಹುತ್ತ ಅಥವಾ ಪೊಟರೆಯಿಂದ ಹಿಡಿಯುವುದಾದರೆ ಮಳೆ ನಿಂತು ಹೂ ಸಿಗತೊಡಗಿದ ಮೇಲೆ, ನವೆಂಬರ್ ನಂತರ, ಸಂಜೆಯ ಹೊತ್ತು ಮಾಡಿ. ಮರಿಯಿರುವ ಎರಿಗಳನ್ನು ಮಾತ್ರ ಚೌಕಟ್ಟಿನ ಅಳತೆಗೆ ಕತ್ತರಿಸಿ, ಮೇಲ್ಭಾಗ ಮೇಲೇ ಇರುವಂತೆ ಬಾಳೆಯ ನಾರಿನಿಂದ ಕಟ್ಟಿ ಕೂರಿಸಿ. ನಾರನ್ನು ಜೇನೇ ಕಡಿದು ಹೊರಹಾಕುತ್ತದೆ. ರಾಣಿ ಒಳಗೆ ಬಂದರೆ ಉಳಿದವು ತಾವಾಗಿಯೇ ಬರುತ್ತವೆ. ಬಾಗಿಲಿಗೆ ನಾಲ್ಕೈದು ದಿನ ರಾಣಿ ಹೊರಹೋಗದಂತೆ ರಾಣಿ ತಡೆ ಹಾಕಿಡಿ, ಆಮೇಲೆ ಮರೆಯದೆ ತೆಗೆಯಿರಿ.

ಪೆಟ್ಟಿಗೆಯನ್ನು ಒಮ್ಮೆ ಇಟ್ಟ ಮೇಲೆ ಐವತ್ತು ಮೀಟರ್ ಆಚೆಗೆ ಎತ್ತಿಡುವಂತಿಲ್ಲ. ಹೊರಗೆ ಹೋದ ಜೇನು ಹಳೆಯ ಜಾಗಕ್ಕೇ ಮರಳಿ ಗಾಳಿಯಲ್ಲಿ ಸುತ್ತುತ್ತದೆ. ದಿನಕ್ಕೆ ಒಂದೆರಡು ಅಡಿಯಂತೆ ಸರಿಸಬೇಕು, ಇಲ್ಲವೇ ಎರಡು-ಮೂರು ಕಿಲೋಮೀಟರ್ ದೂರ ಒಯ್ದು ಕೆಲವು ವಾರ ಇಟ್ಟು ತರಬೇಕು.

ತೆರೆದು ನೋಡುವ ಕ್ರಮ

ಹೊಸಬರ ಕುಟುಂಬಗಳು ಪರಾರಿಯಾಗಲು ಹಸಿವಿನಷ್ಟೇ ದೊಡ್ಡ ಕಾರಣ ಕುತೂಹಲ. ವಾರಕ್ಕೊಮ್ಮೆ ಸಾಕು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಅದೂ ಹೊಳವಾದಾಗ. ಉಳಿದ ದಿನಗಳಲ್ಲಿ ಬಾಗಿಲ ಪಕ್ಕ ಐದು ನಿಮಿಷ ಕುಳಿತರೆ ಒಳಗಿನ ಸಮಾಚಾರ ಬಹುಮಟ್ಟಿಗೆ ತಿಳಿಯುತ್ತದೆ. ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತ ಜೇನುಗಳು ಒಂದರ ಹಿಂದೊಂದು ಇಳಿಯುತ್ತಿದ್ದರೆ ಒಳಗೆ ಮರಿಗಳಿವೆ, ರಾಣಿ ಇದೆ. ಪರಾಗ ಬರುವುದು ನಿಂತು ಜೇನುಗಳು ಬಾಗಿಲಲ್ಲಿ ಗೊತ್ತುಗುರಿಯಿಲ್ಲದೆ ಸುತ್ತುತ್ತಿದ್ದರೆ ಅದೇ ದಿನ ತೆರೆದು ನೋಡಬೇಕು.

ತೆರೆಯಲು ಬಿಸಿಲೇರಿದ ಮೇಲಿನ ಹೊತ್ತು, ಒಂಬತ್ತರಿಂದ ಹನ್ನೊಂದು ಗಂಟೆ, ಒಳ್ಳೆಯದು. ತುಡುವೆಗೆ ಹೊಗೆ ಹೆಚ್ಚಾದರೆ ಎರಿ ಬಿಟ್ಟು ಓಡಾಡುತ್ತದೆ. ತೆಂಗಿನ ನಾರಿನ ತಣ್ಣನೆಯ ಹೊಗೆ ಎರಡು ಉಸಿರಷ್ಟು ಸಾಕು. ಪಕ್ಕದಲ್ಲಿ ನಿಂತು, ಮೊದಲು ಅಂಚಿನ ಚೌಕಟ್ಟನ್ನು ತೆಗೆದು ಜಾಗ ಮಾಡಿಕೊಂಡು, ಉಳಿದವನ್ನು ಒಂದೊಂದಾಗಿ ನೇರವಾಗಿ ಮೇಲಕ್ಕೆತ್ತಿ. ಬೆನ್ನಿಗೆ ಬಿಸಿಲು ಬೀಳುವಂತೆ ನಿಂತು ಎರಿಯನ್ನು ಸ್ವಲ್ಪ ಓರೆ ಮಾಡಿದರೆ ಕಣದ ತಳದಲ್ಲಿ ಅಕ್ಕಿಯ ನುಚ್ಚಿಗಿಂತ ಸಣ್ಣದಾದ, ಕಡ್ಡಿಯಂತೆ ನಿಂತ ಬಿಳಿ ಮೊಟ್ಟೆ ಕಾಣುತ್ತದೆ. ಕಣಕ್ಕೊಂದೇ ಮೊಟ್ಟೆ, ತಳದ ನಡುವೆ ಇದ್ದರೆ ರಾಣಿಯನ್ನು ಹುಡುಕುವ ಗೋಜಿಗೆ ಹೋಗಬೇಡಿ. ಒಂದೇ ಕಣದಲ್ಲಿ ಎರಡು-ಮೂರು ಮೊಟ್ಟೆ, ಗೋಡೆಗೆ ಅಂಟಿದಂತೆ ಕಂಡರೆ ರಾಣಿ ಸತ್ತು ಕೆಲಸಗಾರ ಜೇನುಗಳೇ ಮೊಟ್ಟೆಯಿಡತೊಡಗಿವೆ ಎಂದರ್ಥ; ಅಂಥದ್ದನ್ನು ಪ್ರತ್ಯೇಕವಾಗಿ ಉಳಿಸಲು ಹೆಣಗುವುದಕ್ಕಿಂತ ಬೇರೊಂದು ಕುಟುಂಬದೊಡನೆ ಕೂಡಿಸುವುದೇ ಜಾಣತನ. ತೆಗೆದ ಚೌಕಟ್ಟುಗಳನ್ನು ಅದೇ ಅನುಕ್ರಮದಲ್ಲಿ, ಅದೇ ಮುಖ ಅದೇ ಕಡೆಗಿರುವಂತೆ ಮರಳಿ ಇಡಬೇಕು.

ಕುಟುಕಿದರೆ ಕೊಂಡಿಯನ್ನು ಹಿಸುಕದೆ ಉಗುರಿನಿಂದ ಕೆರೆದು ತೆಗೆಯಿರಿ. ಕುಟುಕಿದಾಗ ಹೊಮ್ಮುವ ಬಾಳೆಹಣ್ಣಿನಂಥ ವಾಸನೆ ಉಳಿದ ಜೇನುಗಳಿಗೆ ಅಪಾಯದ ಕರೆ. ಆ ಜಾಗಕ್ಕೆ ಹೊಗೆ ಹಿಡಿದು ಸ್ವಲ್ಪ ಹೊತ್ತು ದೂರ ಸರಿಯಿರಿ. ಉಸಿರು ಕಟ್ಟುವುದು, ಮೈಯೆಲ್ಲ ದದ್ದು ಏಳುವುದು, ತಲೆಸುತ್ತು ಕಂಡರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮಳೆಗಾಲ ದಾಟಿಸುವುದು

ಜೂನ್ ಮೊದಲ ವಾರದೊಳಗೆ ಜೇನು ಕೋಣೆಯನ್ನು ತೆಗೆದು, ಜೇನು ಮುಚ್ಚಿಕೊಂಡಿರುವಷ್ಟೇ ಎರಿಗಳನ್ನು ಸಂಸಾರ ಕೋಣೆಯಲ್ಲಿ ಉಳಿಸಿ, ಉಳಿದ ಖಾಲಿ ಜಾಗವನ್ನು ಒಂದು ಹಲಗೆಯಿಂದ ಮರೆ ಮಾಡಿ. ಜೇನಿಲ್ಲದ ಎರಿ ಒಳಗಿದ್ದರೆ ಅದು ಮೇಣದ ಹುಳುವಿಗೆ ತೊಟ್ಟಿಲು. ಬಾಗಿಲನ್ನು ಕಿರಿದು ಮಾಡಿ. ಪೆಟ್ಟಿಗೆ ಮುಂದಕ್ಕೆ ಅರ್ಧ ಇಂಚು ವಾಲಿದಂತಿದ್ದರೆ ಒಳಗೆ ಬಂದ ನೀರು ತಾನೇ ಹರಿದು ಹೋಗುತ್ತದೆ. ಮೇಲ್ಮುಚ್ಚಳದ ಮೇಲೆ ಅಡಿಕೆ ಹಾಳೆಗಳನ್ನು ಒಂದರ ಮೇಲೊಂದು ಹೊದಿಸಿ ಕಲ್ಲು ಹೇರಿದರೆ ಮಳೆಯ ಸದ್ದೂ ತಗ್ಗುತ್ತದೆ. ಪ್ಲಾಸ್ಟಿಕ್ ಹೊದಿಸಿ ನಾಲ್ಕೂ ಕಡೆ ಕಟ್ಟಿದರೆ ಒಳಗಿನ ಉಸಿರಿನ ತೇವವೇ ಕುಟುಂಬಕ್ಕೆ ಮುಳುವಾಗುತ್ತದೆ.

ಆಹಾರವಾಗಿ ಸಕ್ಕರೆ ಮತ್ತು ನೀರು ಸಮಪ್ರಮಾಣದ ಪಾಕ ಕೊಡಬೇಕು. ನೀರು ಕುದಿಸಿ ಇಳಿಸಿ, ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ, ಐದು ಎರಿಯ ಕುಟುಂಬಕ್ಕೆ ವಾರಕ್ಕೆ 200ರಿಂದ 300 ಮಿಲಿಲೀಟರ್. ತೆಂಗಿನ ಚಿಪ್ಪಿನಲ್ಲಿ ಹಾಕಿ, ಜೇನು ಮುಳುಗದಂತೆ ಒಣ ಕಡ್ಡಿಗಳನ್ನು ತೇಲಿಬಿಟ್ಟು, ಒಳಮುಚ್ಚಳದ ಕೆಳಗೆ ಇಡುವುದು ಸುಲಭ. ಬೆಲ್ಲ ಬೇಡ, ಅದು ಹುಳಿಯುತ್ತದೆ. ಊರಿನಾಚೆಯಿಂದ ತಂದ ಅಗ್ಗದ ತುಪ್ಪವೂ ಬೇಡ, ಅದರಲ್ಲಿ ರೋಗ ಬರಬಹುದು. ಕತ್ತಲಾಗುವ ಹೊತ್ತಿಗೆ ಎಲ್ಲ ಪೆಟ್ಟಿಗೆಗಳಿಗೂ ಒಂದೇ ದಿನ ಕೊಡಿ. ಹಗಲಿನಲ್ಲಿ ಒಂದಕ್ಕೆ ಮಾತ್ರ ಕೊಟ್ಟರೆ, ಅಥವಾ ಪಾಕ ಹೊರಗೆ ಚೆಲ್ಲಿದರೆ, ಬಲವಾದ ಕುಟುಂಬ ದುರ್ಬಲವಾದದ್ದನ್ನು ದೋಚಲು ನುಗ್ಗುತ್ತದೆ. ಆ ಕಾದಾಟ ಆರಂಭವಾದರೆ ಬಾಗಿಲನ್ನು ಒಂದೇ ಜೇನು ನುಸುಳುವಷ್ಟು ಕಿರಿದು ಮಾಡಿ ಒದ್ದೆ ಬಟ್ಟೆ ಹೊದಿಸುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಅಕ್ಟೋಬರದಿಂದ ಲೆಕ್ಕಾಚಾರ ಬದಲಾಗುತ್ತದೆ. ತುಡುವೆಯ ಕೆಲಸಗಾರ ಜೇನು ಮೊಟ್ಟೆಯಿಂದ ಬೆಳೆದು ಕಣದಿಂದ ಹೊರಬರಲು 18ರಿಂದ 20 ದಿನ ಬೇಕು. ಹೊರಬಂದ ಮೇಲೂ ಎರಡು-ಮೂರು ವಾರ ಮರಿಗಳಿಗೆ ಉಣಿಸುವುದು, ಎರಿ ಕಟ್ಟುವುದು ಮುಂತಾದ ಮನೆಗೆಲಸದಲ್ಲೇ ಇರುತ್ತದೆ. ಎಂದರೆ ಇಂದು ಇಟ್ಟ ಮೊಟ್ಟೆ ಹೂವಿಗೆ ಹೋಗಲು ನಲವತ್ತು ದಿನ. ಫೆಬ್ರವರಿ ಆರಂಭದ ಹೂವಿಗೆ ಬೇಕಾದ ಜೇನು ಡಿಸೆಂಬರ್ ನಡುವಿನೊಳಗೆ ಮೊಟ್ಟೆಯಾಗಿರಬೇಕು. ಹೂ ಅರಳಿದ್ದನ್ನು ನೋಡಿ ಪಾಕ ಕೊಡಲು ಓಡುವವರಿಗೆ ಸಿಗುವುದು ಜೇನುಗಳೇ ಹೊರತು ತುಪ್ಪವಲ್ಲ.

ಪಾಲಾಗುವ ಕಾಲ

ಕುಟುಂಬ ಬಲಗೊಂಡಂತೆ ಪಾಲಾಗುವ, ಎಂದರೆ ಅರ್ಧ ಜೇನು ಬೇರೆ ಮನೆ ಹುಡುಕಿ ಹೋಗುವ, ಆಸೆಯೂ ಹುಟ್ಟುತ್ತದೆ. ಮೊದಲ ಸುಳಿವು ಅಡಿಮಣೆಯ ಮೇಲೆ ಸಿಗುತ್ತದೆ. ತುಡುವೆಯ ಗಂಡುಜೇನು ಬೆಳೆಯುವ ಕಣಗಳ ಮೇಲಿನ ಮೇಣದ ಮುಚ್ಚಳವನ್ನು ಕೆಲಸಗಾರ ಜೇನುಗಳು ಬಿಡಿಸಿ ಕೆಡವುತ್ತವೆ. ಒಳಗಿನ ಗಟ್ಟಿ ಟೊಪ್ಪಿಯ ನೆತ್ತಿಯಲ್ಲಿ ಸೂಜಿ ಚುಚ್ಚಿದಂಥ ಒಂದು ತೂತು ಕಾಣುತ್ತದೆ. ಅಡಿಮಣೆಯನ್ನು ಗುಡಿಸುವಾಗ ದುಂಡನೆಯ ಮೇಣದ ಬಿಲ್ಲೆಗಳು ಸಿಕ್ಕರೆ ಗಂಡುಗಳು ತಯಾರಾಗುತ್ತಿವೆ, ಮುಂದಿನ ಸರದಿ ರಾಣಿಕಣಗಳದ್ದು ಎಂದು ತಿಳಿಯಬೇಕು. ಎರಿಯ ಕೆಳ ಅಂಚಿನಲ್ಲಿ ಶೇಂಗಾಕಾಯಿಯಂತೆ ಇಳಿಬಿದ್ದಿರುವುವೇ ರಾಣಿಕಣಗಳು.

ಅವುಗಳನ್ನು ಒಡೆಯುತ್ತಾ ಹೋದರೆ ಪಾಲಾಗುವುದು ನಿಲ್ಲುತ್ತದೆ ಎಂದು ಅನೇಕರು ನಂಬಿದ್ದಾರೆ. ಒಂದು ಕಣ ಕಣ್ಣು ತಪ್ಪಿದರೂ ಅರ್ಧ ಕುಟುಂಬ ಹಾರಿಹೋಗುತ್ತದೆ. ಅದಕ್ಕಿಂತ ನಾವೇ ಪಾಲು ಮಾಡಿಕೊಡುವುದು ಒಳ್ಳೆಯದು. ಏಳೆಂಟು ಎರಿ ತುಂಬಿದ ಕುಟುಂಬದಿಂದ, ಹಳೆಯ ರಾಣಿಯಿರುವ ಎರಿ ಸೇರಿ ಮರಿ ಮತ್ತು ಆಹಾರವಿರುವ ಮೂರು-ನಾಲ್ಕು ಎರಿಗಳನ್ನು ಜೇನುಸಮೇತ ಹೊಸ ಪೆಟ್ಟಿಗೆಗೆ ಹಾಕಿ, ಆ ಪೆಟ್ಟಿಗೆಯನ್ನು ಬೇರೆ ಜಾಗಕ್ಕೆ ಒಯ್ಯಿರಿ. ಹಳೆಯ ಜಾಗದಲ್ಲಿ ಉಳಿದ ಭಾಗದಲ್ಲಿ ದೊಡ್ಡದಾದ, ಮುಚ್ಚಿದ ಒಂದೆರಡು ರಾಣಿಕಣಗಳನ್ನು ಮಾತ್ರ ಬಿಡಿ. ರಾಣಿಯ ಬೆಳವಣಿಗೆಗೆ ಒಟ್ಟು 15-16 ದಿನ, ಮುಚ್ಚಿದ ಮೇಲೆ ಏಳೆಂಟು ದಿನ. ಹೊರಬಂದ ರಾಣಿ ಸುಮಾರು ಒಂದು ವಾರದಲ್ಲಿ ಆಕಾಶದಲ್ಲಿ ಗಂಡುಗಳೊಡನೆ ಕೂಡಿ ಮರಳುತ್ತದೆ, ಮತ್ತೆ ಎರಡು-ಮೂರು ದಿನಕ್ಕೆ ಮೊಟ್ಟೆಯಿಡಲು ಆರಂಭಿಸುತ್ತದೆ. ಈ ಅವಧಿಯಲ್ಲಿ ಪೆಟ್ಟಿಗೆ ತೆರೆಯಬೇಡಿ, ಅದರ ಪಕ್ಕದ ಗಿಡವನ್ನು ಕೂಡ ಕಡಿಯಬೇಡಿ. ಗುರುತು ತಪ್ಪಿದ ರಾಣಿ ಕಳ್ಳಿಪೀರ ಹಕ್ಕಿಯ ಬಾಯಿಗೋ ಪಕ್ಕದ ಪೆಟ್ಟಿಗೆಗೋ ಹೋಗುತ್ತದೆ. ಕಣ ಮುಚ್ಚಿದ ದಿನದಿಂದ ಮೂರು ವಾರ ಕಳೆದು ಮೊಟ್ಟೆ ಕಾಣದಿದ್ದರೆ ಹಳೆಯ ರಾಣಿಯ ಪೆಟ್ಟಿಗೆಯಿಂದ ಎಳೆಯ ಮರಿಯಿರುವ ಒಂದು ಎರಿ ಕೊಡಿ.

ಪರಾರಿಯಾಗುವುದು ಇದಕ್ಕಿಂತ ಬೇರೆ. ಪಾಲಾಗುವ ಕುಟುಂಬ ಅರ್ಧ ಹೋಗುತ್ತದೆ, ಪರಾರಿಯಾಗುವುದು ಇಡಿಯಾಗಿ. ಹೊರಡುವ ಹಲವು ದಿನಗಳ ಮೊದಲೇ ರಾಣಿ ಮೊಟ್ಟೆ ನಿಲ್ಲಿಸಿರುತ್ತದೆ, ಕೂಡಿಟ್ಟ ತುಪ್ಪ ಖಾಲಿಯಾಗುತ್ತಾ ಬರುತ್ತದೆ. ಮೊಟ್ಟೆ-ಮರಿ ಎರಡೂ ಇಲ್ಲದ ಪೆಟ್ಟಿಗೆ ಕಂಡರೆ ಕಾರಣ ಸರಿಪಡಿಸಿ, ಬೇರೆ ಕುಟುಂಬದಿಂದ ತೆರೆದ ಮರಿಯ ಒಂದು ಎರಿ ಕೊಟ್ಟು, ಪಾಕವಿಡಿ. ಮರಿಗಳನ್ನು ಬಿಟ್ಟು ಹೋಗಲು ಜೇನು ಹಿಂದೆಮುಂದೆ ನೋಡುತ್ತದೆ.

ಶತ್ರುಗಳು ಮತ್ತು ಒಂದು ರೋಗ

ಮೇಣದ ಹುಳು, ಇರುವೆ, ಹಲ್ಲಿಗಳಿಗೆಲ್ಲ ಬಲವಾದ ಕುಟುಂಬವೇ ಕಾವಲು. ಕಡಜ ಬಾಗಿಲಿಗೆ ಬಂದರೆ ಜೇನುಗಳು ಅದನ್ನು ಸುತ್ತುಗಟ್ಟಿ ಉಂಡೆಯಾಗಿ ಮೈಶಾಖದಿಂದಲೇ ಬೇಯಿಸಿ ಕೊಲ್ಲಬಲ್ಲವು. ಆದರೆ ದಿನವೂ ಹತ್ತಾರು ಕಡಜಗಳು ಬಂದರೆ ಹತ್ತಿರದ ಗೂಡನ್ನು ಹುಡುಕಿ ತೆಗೆಸುವುದು ಅನಿವಾರ್ಯ. ಅಡಿಮಣೆಯನ್ನು ವಾರಕ್ಕೊಮ್ಮೆ ಗುಡಿಸಿದರೆ ಮೇಣದ ಹುಳುವಿನ ಮೊದಲ ಪೀಳಿಗೆಯೇ ಹೋಗುತ್ತದೆ.

ಹೆದರಬೇಕಾದದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ. 1991-92ರ ಸುಮಾರಿಗೆ ಅದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿ ಜೇನಿನ ಆಸೆಯನ್ನೇ ಬಿಟ್ಟ ಮನೆಗಳು ಮಲೆನಾಡಿನಲ್ಲಿ ಎಷ್ಟೋ. ಮುಚ್ಚಿದ ಕಣಗಳು ಅಲ್ಲಲ್ಲಿ ತೆರೆದುಕೊಂಡು, ಒಳಗಿನ ಮರಿ ತಲೆ ಮೇಲೆತ್ತಿ ದೋಣಿಯ ಮೂತಿಯಂತೆ ಕಾಣುವುದು, ಚಿಮುಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಜೋತು ಬೀಳುವುದು ಇದರ ಗುರುತು. ವೈರಸ್ಸಾದ್ದರಿಂದ ಆಂಟಿಬಯಾಟಿಕ್ ಪುಡಿಗಳಿಂದ ಪ್ರಯೋಜನವಿಲ್ಲ. ಅವು ತುಪ್ಪದಲ್ಲಿ ಉಳಿಯುವುದಷ್ಟೇ ಲಾಭ. ರೋಗ ಬಿದ್ದ ಎರಿಗಳನ್ನು ತೆಗೆದು ಸುಟ್ಟು, ರಾಣಿಯನ್ನು ಎರಡು-ಮೂರು ವಾರ ಪಂಜರದಲ್ಲಿಟ್ಟು ಹೊಸ ಮರಿ ಹುಟ್ಟದಂತೆ ತಡೆದರೆ ರೋಗದ ಸರಪಳಿ ತುಂಡಾಗುವ ಸಾಧ್ಯತೆಯಿದೆ. ಆ ಪೆಟ್ಟಿಗೆ ಮುಟ್ಟಿದ ಕೈ, ಚಾಕು, ಚೌಕಟ್ಟು ಬೇರೆ ಪೆಟ್ಟಿಗೆಗೆ ಹೋಗಬಾರದು. ರೋಗ ಬಂದ ಊರಿನಲ್ಲಿ ತಾನಾಗಿ ಉಳಿದುಕೊಂಡ ಕುಟುಂಬದಿಂದಲೇ ಮುಂದಿನ ರಾಣಿಗಳನ್ನು ಮಾಡಿಕೊಳ್ಳಿ.

ತುಪ್ಪ ತೆಗೆಯುವುದು

ಸಂಸಾರ ಕೋಣೆ ತುಂಬಿ, ಎರಿಯ ಮೇಲಂಚಿನಲ್ಲಿ ಹೊಸ ಬಿಳಿ ಮೇಣ ಕಾಣತೊಡಗಿದಾಗ ಜೇನು ಕೋಣೆ ಏರಿಸಿ. ಅದರ ಎರಿಯ ಮುಕ್ಕಾಲು ಭಾಗಕ್ಕೆ ಮೇಣದ ಮುಚ್ಚಳ ಬಿದ್ದ ಮೇಲಷ್ಟೇ ತೆಗೆಯಬೇಕು. ತುಪ್ಪದಲ್ಲಿ ನೀರಿನಂಶ ಶೇಕಡಾ 20ನ್ನು ಮೀರಬಾರದೆಂಬುದು ಆಹಾರ ಸುರಕ್ಷತೆಯ ನಿಯಮ. ನಮ್ಮ ತೇವದ ಹವೆಯಲ್ಲಿ ಮುಚ್ಚಳ ಬೀಳದ ತುಪ್ಪ ಇದನ್ನು ಸುಲಭವಾಗಿ ಮೀರಿ, ಎರಡೇ ತಿಂಗಳಲ್ಲಿ ಬಾಟಲಿಯೊಳಗೆ ನೊರೆಯೆದ್ದು ಹುಳಿಯುತ್ತದೆ. ಬೇಸಿಗೆ ಮಳೆ ಬಿದ್ದ ಮರುದಿನ ತೆಗೆಯುವ ಅವಸರ ಬೇಡ.

ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಮುಚ್ಚಳವನ್ನು ಕೆಳಗಿನಿಂದ ಮೇಲಕ್ಕೆ ತೆಳುವಾಗಿ ಸೀಳಿ, ತುಪ್ಪ ತೆಗೆಯುವ ಯಂತ್ರದಲ್ಲಿ ಮೊದಲು ನಿಧಾನವಾಗಿ ತಿರುಗಿಸಿ. ಹೊಸ ಎರಿ ಬಹಳ ಮೃದು, ಭರದಿಂದ ತಿರುಗಿಸಿದರೆ ಮುರಿಯುತ್ತದೆ. ಖಾಲಿಯಾದ ಎರಿಯನ್ನು ಅದೇ ಸಂಜೆ ಮರಳಿ ಕೊಟ್ಟರೆ ಹೊಸದಾಗಿ ಕಟ್ಟುವ ಶ್ರಮ ಉಳಿದು ಜೇನು ಮತ್ತೆ ತುಂಬಿಸುತ್ತದೆ. ಸಂಸಾರ ಕೋಣೆಯ ತುಪ್ಪಕ್ಕೆ ಕೈ ಹಾಕುವಂತಿಲ್ಲ. ತೆಗೆದ ತುಪ್ಪವನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಪಾತ್ರೆಯಲ್ಲಿ ಎರಡು-ಮೂರು ದಿನ ಮುಚ್ಚಿಟ್ಟು, ಮೇಲೆ ತೇಲಿದ ನೊರೆ ತೆಗೆದು, ಒಣಗಿದ ಗಾಜಿನ ಬಾಟಲಿಗೆ ತುಂಬಿ. ಒಲೆಯ ಮೇಲೆ ಕಾಯಿಸಬೇಡಿ.

ಮೇ ಕೊನೆಯ ವಾರದಲ್ಲಿ ಒಳಗಿನ ಎರಿಗಳನ್ನು ಒಮ್ಮೆ ಎಣಿಸಿ, ಪ್ರತಿ ಎರಿಯ ಮೇಲಂಚಿನಲ್ಲಿ ಎರಡು ಬೆರಳು ಅಗಲದ ಮುಚ್ಚಿದ ತುಪ್ಪವಾದರೂ ಉಳಿದಿದೆಯೇ ನೋಡಿ. ಇಲ್ಲದಿದ್ದರೆ ಆ ವರ್ಷದ ಕೊನೆಯ ಸುತ್ತಿನ ತುಪ್ಪ ತೆಗೆಯದೆ ಬಿಟ್ಟುಬಿಡಿ. ಹೆಚ್ಚುವರಿ ಎರಿಗಳನ್ನು ಬಿಸಿಲಿಗೆ ತೋರಿಸದೆ, ಕಾಗದದಲ್ಲಿ ಸುತ್ತಿ ಎರಡು ದಿನ ಫ್ರೀಜರಿನಲ್ಲಿಟ್ಟು ತೆಗೆದು, ಗಾಳಿಯಾಡದ ಡಬ್ಬದಲ್ಲಿ ಭದ್ರಪಡಿಸಿ. ಅಡಿಕೆ ಹಾಳೆಗಳನ್ನು ಒಟ್ಟುಮಾಡಿ ಜಗಲಿಯ ಮೇಲಿಟ್ಟುಕೊಳ್ಳುವುದಕ್ಕೂ ಅದೇ ವಾರ ಸರಿ.